ಎರಡು ಹಲ್ಲಿನ ಹೋರಿಯೂ ಎರಡು ಮಿಲಿಮೀಟರಿನ ಹಲ್ಲೂ

ಹಲ್ಲು ನೋಡಿ ಪ್ರಾಣಿಯ ಜಾತಕ ಹೇಳುವ ವಿದ್ಯೆ ನಮ್ಮ ಕಡೆಯವರಿಗೆ ಹೊಸದಲ್ಲ. ಸೇಡಂ, ಚಿಂಚೋಳಿ ಸೀಮೆಯ ದನದ ಸಂತೆಗೆ ಹೋಗಿ ನೋಡಿ. ದಲಾಲ ಹೋರಿಯ ಮೂಗುದಾರ ಹಿಡಿದು, ಕೆಳತುಟಿ ಸರಿಸಿ, ಒಂದು ಸಲ ಇಣುಕಿ ತೀರ್ಪು ಕೊಟ್ಟುಬಿಡುತ್ತಾನೆ: ‘ಹಾಲಹಲ್ಲು’, ‘ಎರಡ್ಹಲ್ಲು’, ‘ನಾಕಹಲ್ಲು’, ‘ಬಾಯಿಗೂಡ್ಯಾದ’. ದನದ ಬಾಯಲ್ಲಿ ಮುಂದಿನ ಹಲ್ಲು ಇರುವುದು ಕೆಳಗಡೆ ಮಾತ್ರ, ಒಟ್ಟು ಎಂಟು. ಎರಡು ವರ್ಷದ ಆಸುಪಾಸಿನಲ್ಲಿ ನಡುವಿನ ಹಾಲುಹಲ್ಲಿನ ಜೋಡಿ ಬಿದ್ದು ದೊಡ್ಡ ಹಲ್ಲು ಬರುತ್ತದೆ. ಅಲ್ಲಿಂದ ಜೋಡಿ ಜೋಡಿಯಾಗಿ ಏರುತ್ತ ಹೋಗಿ ನಾಲ್ಕೈದು ವರ್ಷಕ್ಕೆ ಬಾಯಿ ಕೂಡುತ್ತದೆ. ಇಷ್ಟನ್ನು ಓದಲು ದಲಾಲನಿಗೆ ಶಾಲೆ ಬೇಕಿಲ್ಲ, ಕನ್ನಡಕವೂ ಬೇಕಿಲ್ಲ. ಆಮೇಲೆ ಟವೆಲ್ಲಿನೊಳಗೆ ಬೆರಳು ಹಿಡಿದು ನಡೆಯುವ ವ್ಯಾಪಾರ ಬೇರೆ ಶಾಸ್ತ್ರ. ಅದು ನನಗೆ ಈವರೆಗೆ ತಿಳಿದಿಲ್ಲ. ತಿಳಿಯಲಿ ಎಂದು ಅವರೂ ಬಯಸಿಲ್ಲ.

ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು ಎಂದು ಗಾದೆಯಿದೆ. ಈ ನಿಯಮವನ್ನು ಮುರಿಯುವುದಕ್ಕೆಂದೇ ಒಂದು ಜಾತಿಯ ಪಂಡಿತರಿದ್ದಾರೆ. ಭೂಮಿ ಪುಕ್ಕಟೆಯಾಗಿ ಕೊಟ್ಟ ಹಲ್ಲನ್ನೂ ಅವರು ಬಿಡದೆ ಎಣಿಸುತ್ತಾರೆ, ಅಳೆಯುತ್ತಾರೆ, ತಿರುಗಿಸಿ ತಿರುಗಿಸಿ ನೋಡುತ್ತಾರೆ. ಪಳೆಯುಳಿಕೆ ಶಾಸ್ತ್ರಜ್ಞರೆಂದರೆ ಡೈನೋಸಾರಿನ ತೊಡೆಯೆಲುಬನ್ನು ಕ್ರೇನಿನಲ್ಲಿ ಎತ್ತಿಸುವವರು ಎಂದು ಸಿನಿಮಾ ನೋಡಿದ ನಾವೆಲ್ಲ ನಂಬಿದ್ದೇವೆ. ಆದರೆ ಅವರಲ್ಲಿ ಕೆಲವರು ಆಯುಷ್ಯವನ್ನೆಲ್ಲ ಕಳೆಯುವುದು ಎರಡು ಮಿಲಿಮೀಟರಿಗಿಂತ ಚಿಕ್ಕ ಹಲ್ಲುಗಳ ಜೊತೆಗೆ. ಡೈನೋಸಾರ್‌ಗಳ ಕಾಲದಲ್ಲಿ ಅವುಗಳ ಕಾಲಡಿ ಸಿಗದಂತೆ ಬದುಕಿದ್ದ ಸಣ್ಣ ಸಸ್ತನಿಗಳ ಹಲ್ಲು ಅವು. ಅಂದರೆ ಹಾಲು ಕುಡಿದು ಬೆಳೆದ, ದೂರದ ಲೆಕ್ಕದಲ್ಲಿ ನಮ್ಮ ಹಿರಿಯರ ಸಾಲಿಗೆ ಸೇರಬೇಕಾದ, ಇಲಿಯಷ್ಟೇ ಗಾತ್ರದ ಜೀವಗಳು.

ನಮ್ಮ ಊರುಗಳಲ್ಲಿ ಎರಡು ಮಿಲಿಮೀಟರಿನ ಮಾತು ಆಡುವುದೇ ಒಂದು ಧೈರ್ಯ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಮುತ್ತ ಮಾತು ಟನ್ನಿನಿಂದ ಕೆಳಗೆ ಇಳಿಯುವುದಿಲ್ಲ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಅದರಲ್ಲಿ ಶಹಾಬಾದಿನ ಸಿಮೆಂಟ್ ಕಂಪನಿಯೂ ಒಂದಾಗಿತ್ತು. ಅಂದಿನಿಂದ ನಮ್ಮ ನೆಲ ಪುಡಿಯಾಗಿ, ಚೀಲದಲ್ಲಿ ಕೂತು, ರೈಲು ಹತ್ತಿ ದೇಶವೆಲ್ಲ ಸುತ್ತಿದೆ. ಪುಡಿಯಾಗದೆ ಉಳಿದದ್ದು ಪರ್ಸಿ ಎಂಬ ಚಪ್ಪಡಿಯಾಗಿ ನೆಲಕ್ಕೆ ಹಾಸಿಕೊಂಡಿದೆ. ಈ ಸೀಮೆಯಲ್ಲಿ ಪರ್ಸಿಯ ಮೇಲೆ ಹುಟ್ಟಿ, ಪರ್ಸಿಯ ಮೇಲೆ ಅಂಬೆಗಾಲಿಟ್ಟು, ಪರ್ಸಿಯ ಕಟ್ಟೆಯ ಮೇಲೆ ಕೂತು ರಾಜಕೀಯ ಮಾತಾಡಿ ಮುಗಿಸಿದ ತಲೆಮಾರುಗಳಿವೆ. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಬರಿ ಮೈಯಲ್ಲಿ ಮಲಗುವ ಸುಖ ಬಲ್ಲವರಿಗೆ ಏರ್ ಕೂಲರಿನ ಬಗ್ಗೆ ಅಂಥ ಗೌರವವೇನೂ ಇರುವುದಿಲ್ಲ.

ಹೀಗಾಗಿ ಪಳೆಯುಳಿಕೆ ಎಂದ ಕೂಡಲೆ ನಮ್ಮ ಜನ ಕೈ ತೋರಿಸುವುದು ಪರ್ಸಿ ಖಣಿಯ ಕಡೆಗೆ. ನನಗೆ ಪರಿಚಯದ ಪರ್ಸಿ ವ್ಯಾಪಾರಿ ಕಾಕಾ ಒಬ್ಬರಿದ್ದಾರೆ. ಹಳೆಯ ಕಲ್ಲಿನಲ್ಲಿ ಹಳೆಯ ಹಲ್ಲು ಹುಡುಕುವವರ ಬಗ್ಗೆ ಹೇಳಿದ್ದೇ ತಡ, ಅವರು ಒಂದು ಚಪ್ಪಡಿ ತಂದು ಮುಂದಿಟ್ಟರು. ಅದರ ಮೇಲೆ ಕಪ್ಪು ಶಾಯಿಯಲ್ಲಿ ಬಿಡಿಸಿದಂತೆ ಜರಿಗಿಡದ ಎಲೆ.

“ನೋಡ್ರಿ ಸರ, ಗಿಡ ಹ್ಯಾಂಗ ಕುಂತದ. ಗಿಡ ಅದ ಅಂದ್ಮ್ಯಾಲ ತಿನ್ನೋ ಪ್ರಾಣಿ ಇರಬೇಕಲ್ರಿ? ಪ್ರಾಣಿ ಅದ ಅಂದ್ಮ್ಯಾಲ ಹಲ್ಲು ಇರಬೇಕಲ್ರಿ?”

ತರ್ಕ ಗಟ್ಟಿಯಾಗಿತ್ತು. ಗಿಡ ಮಾತ್ರ ಗಿಡವಾಗಿರಲಿಲ್ಲ. ನೀರಿನೊಡನೆ ಪದರಗಳ ಸಂದಿಗೆ ಇಳಿದ ಮ್ಯಾಂಗನೀಸಿನ ಖನಿಜ ಕವಲೊಡೆದು ಬರೆದ ಚಿತ್ತಾರ ಅದು. ಜೀವದ ಸೋಂಕು ಇಲ್ಲದೆಯೂ ಎಲೆಯಾಗಬಲ್ಲ ಕಲ್ಲಿನ ಕಸೂತಿ. ಶಹಾಬಾದಿನ ಸುಣ್ಣಕಲ್ಲು ಸೇರಿದ ಭೀಮಾ ಸಮೂಹದ ಶಿಲೆಗಳು ಐವತ್ತು ಕೋಟಿ ವರ್ಷಕ್ಕೂ ಹಳೆಯವು. ಅವು ಕೆಸರಾಗಿ ಕೂತು ಗಟ್ಟಿಯಾಗುವ ಹೊತ್ತಿಗೆ ಜಗತ್ತಿನಲ್ಲಿ ಯಾರ ಬಾಯಲ್ಲೂ ಹಲ್ಲಿರಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಬಾಯಿ ಎನ್ನುವಂಥದ್ದೇ ಹೆಚ್ಚು ಮಂದಿಗೆ ಇರಲಿಲ್ಲ. ಅದೇ ಸಮೂಹದ ಜೇಡಿಗಲ್ಲಿನ ಪದರಗಳಲ್ಲಿ ಚುಆರಿಯಾ ಎಂಬ ದುಂಡನೆಯ ಇಂಗಾಲದ ಗುರುತುಗಳು ಸಿಕ್ಕಿವೆ. ಆ ಕಾಲದ ಸಮುದ್ರದ ದೊಡ್ಡಸ್ತಿಕೆ ಅಷ್ಟೇ. ಇದನ್ನೆಲ್ಲ ಕೇಳಿಸಿಕೊಂಡು ಕಾಕಾ ಚಪ್ಪಡಿಯನ್ನು ಒಮ್ಮೆ ದಿಟ್ಟಿಸಿದರು. “ಇರಲಿ ಬಿಡ್ರಿ, ಗಿರಾಕಿ ಗಿಡ ಅಂತಾನೇ ಒಯ್ತಾರ. ಐದು ರೂಪಾಯಿ ಜಾಸ್ತಿ ಕೊಡ್ತಾರ” ಎಂದು ಮತ್ತೆ ಒಳಗೆ ಇಟ್ಟರು.

ಹಲ್ಲು ಬೇಕೆಂದರೆ ಪರ್ಸಿಯ ಬೂದು ಕಲ್ಲನ್ನು ಬಿಟ್ಟು ಕರಿಕಲ್ಲಿನ ಕಡೆಗೆ ನಡೆಯಬೇಕು. ಚಿತ್ತಾಪುರ, ಸೇಡಂ ಬಯಲಿನಿಂದ ಉತ್ತರಕ್ಕೆ ಹೊರಟರೆ ಸುಣ್ಣಕಲ್ಲಿನ ಮೇಲೆ ದಖನ್ನಿನ ಲಾವಾ ಹೊದಿಕೆ ಶುರುವಾಗುತ್ತದೆ. ಚಿಂಚೋಳಿಯ ಹೊತ್ತಿಗೆ ಕರಿಕಲ್ಲೂ ಅದರ ಮೇಲಿನ ಕೆಂಪು ಜಂಬಿಟ್ಟಿಗೆಯೂ ಸೇರಿ ಚಂದ್ರಂಪಳ್ಳಿಯ ಕಾಡಿನ ಗುಡ್ಡಗಳಾಗಿವೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಆ ತೊಗರಿ ಬೇರು ಬಿಟ್ಟ ಎರೆಮಣ್ಣು ಬಹುಪಾಲು ಇದೇ ಕರಿಕಲ್ಲು ಕರಗಿ ಆದದ್ದು. ಬೆಳಗಿನ ಬ್ಯಾಳಿ, ಮಧ್ಯಾಹ್ನದ ಬ್ಯಾಳಿ, ರಾತ್ರಿಯ ಬ್ಯಾಳಿ ಮೂರಕ್ಕೂ ನಾವು ಆರೂವರೆ ಕೋಟಿ ವರ್ಷದಾಚೆಯ ಲಾವಾಕ್ಕೆ ಋಣಿಗಳು.

ಲಾವಾ ಒಂದೇ ಸಲಕ್ಕೆ ಹರಿದದ್ದಲ್ಲ. ಒಂದು ಹರಿವು ಬಂದು ತಣ್ಣಗಾಗುತ್ತಿತ್ತು. ಮುಂದಿನದು ಬರುವ ಮೊದಲು ಸಾವಿರಾರು ವರ್ಷ ಬಿಡುವು. ಆ ಬಿಡುವಿನಲ್ಲಿ ಕಲ್ಲಿನ ತಗ್ಗುಗಳಲ್ಲಿ ನೀರು ನಿಂತು ಕೆರೆಯಾಯಿತು, ದಂಡೆಯಲ್ಲಿ ಗಿಡಗಳು ಚಿಗುರಿದವು, ಬಸವನಹುಳು, ಮೀನು, ಕಪ್ಪೆ, ಮೊಸಳೆ ಬಂದು ನೆಲೆಸಿದವು. ಮತ್ತೆ ಲಾವಾ ಬಂತು, ಎಲ್ಲವನ್ನೂ ಮುಚ್ಚಿತು. ಎರಡು ಕರಿ ಪದರಗಳ ನಡುವೆ ಸಿಕ್ಕಿಕೊಂಡ ಈ ತಿಳಿ ಬಣ್ಣದ ಕೆಸರಿನ ತೆಳು ಪದರವೇ ಹಲ್ಲು ಹುಡುಕುವವರ ಖಜಾನೆ. ಸೇಡಂ ತಾಲ್ಲೂಕಿನ ಯಾನಾಗುಂದಿ ಎಂದರೆ ಮಾತಾ ಮಾಣಿಕೇಶ್ವರಿಯವರ ಬೆಟ್ಟ ಎಂದು ಎಲ್ಲರಿಗೂ ಗೊತ್ತು. ಅದೇ ಯಾನಾಗುಂದಿ ಮತ್ತು ಗುರುಮಠಕಲ್ ಕಡೆಯ ಚಂದರಕಿಯ ಇಂಥ ಪದರಗಳಿಂದ ಆಸ್ಟ್ರಕಾಡ್ ಎಂಬ, ರಾಗಿಕಾಳಿಗಿಂತ ಸಣ್ಣ ಚಿಪ್ಪುಜೀವಿಗಳನ್ನು ಹೆಕ್ಕಿ ವಾಟ್ಲಿ, ಬಾಜಪೇಯಿ, ಶ್ರೀನಿವಾಸನ್ ಎಂಬ ಮೂವರು ವಿಜ್ಞಾನಿಗಳು 2002ರಲ್ಲಿ ಸ್ಪೇನ್ ದೇಶದ ಪತ್ರಿಕೆಯೊಂದರಲ್ಲಿ ಬರೆದರು. ಗುಲಬರ್ಗಾ ಜಿಲ್ಲೆಯ ಹೆಸರು ತಲೆಬರಹದಲ್ಲೇ ಇತ್ತು. ಜಿಲ್ಲೆಯ ಹೆಸರು ಮ್ಯಾಡ್ರಿಡ್‌ವರೆಗೆ ಹೋಗಿ ಬಂದರೂ ನಮ್ಮ ಚಹಾದಂಗಡಿಗಳಿಗೆ ಸುದ್ದಿ ಮುಟ್ಟಲಿಲ್ಲ.

ಇನ್ನು ಹಲ್ಲಿನ ಊರಿಗೆ ಹೋಗೋಣ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮರ ದುಡ್ಡಿನಲ್ಲಿ ಹಾಕಿದ ಹಳಿ ಈಗಲೂ ಅದೇ ದಾರಿಯಲ್ಲಿದೆ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರು, ಮುಂದೆ ವಿಕಾರಾಬಾದ್. ಮಳಖೇಡ ಬಂದಾಗ ಕಿಟಕಿಯ ಕಡೆ ಕೂತವರು ನೃಪತುಂಗನನ್ನು ನೆನೆಯುವುದು ವಾಡಿಕೆ. ತಾಂಡೂರು ಬಂದಾಗ ನೆನೆಯಬೇಕಾದದ್ದು ಬೇರೆ. 1956ರಲ್ಲಿ ರಾಜ್ಯಗಳನ್ನು ಹಂಚುವಾಗ ಗುಲಬರ್ಗಾ ಜಿಲ್ಲೆ ಮೈಸೂರಿಗೆ ಬಂತು, ಅದರ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಮಾತ್ರ ಆಚೆ ಉಳಿದವು. ಆ ತಾಂಡೂರಿನ ಆಚೆ, ಪರಗಿ ಕಡೆಗೆ, ನಸ್ಕಲ್ ಎಂಬ ಹಳ್ಳಿ. ಸೇಡಂನಿಂದ ಕಾಗೆ ಹಾರಿದರೆ ಅರವತ್ತು-ಎಪ್ಪತ್ತು ಕಿಲೋಮೀಟರ್. ಬೀಗತನ ಮಾಡುವ ದೂರ. ಭಾರತದ ಕ್ರಿಟೇಷಿಯಸ್ ಕಾಲದ, ಅಂದರೆ ಡೈನೋಸಾರ್‌ಗಳ ಕೊನೆಯ ಯುಗದ, ಮೊದಲ ಸಸ್ತನಿ ಸಿಕ್ಕಿದ್ದು ಅಲ್ಲಿ.

ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆ ಸುದ್ದಿ ಪ್ರಕಟಿಸಿದರು. ಪ್ರಾಣಿಗೆ ಡೆಕ್ಕನೋಲೆಸ್ಟಿಸ್ ಹಿಸ್ಲೋಪಿ ಎಂದು ಹೆಸರಿಟ್ಟರು. ಹಿಸ್ಲೋಪ್ ಎಂದರೆ ನಾಗಪುರದಲ್ಲಿದ್ದ ಸ್ಕಾಟ್ಲೆಂಡಿನ ಪಾದ್ರಿ ಸ್ಟೀಫನ್ ಹಿಸ್ಲೋಪ್. ಆತ ಬಿಡುವಿನಲ್ಲಿ ಕಲ್ಲು ಒಡೆದು ಮಧ್ಯ ಭಾರತದ ಲಾವಾ ನಡುವಿನ ಪಳೆಯುಳಿಕೆಗಳನ್ನು ಕೂಡಿಸಿದವನು, 1863ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡವನು. ಪಾದ್ರಿಯ ಹೆಸರು ಒಂದು ಇಲಿಯಂಥ ಪ್ರಾಣಿಯ ಬಾಲಕ್ಕೆ ಅಂಟಿಕೊಂಡು ಚಿರಾಯುವಾಯಿತು. ಹಲ್ಲುಗಳು ಮಾತ್ರ ನಂಬರ್ ಹಚ್ಚಿಸಿಕೊಂಡು ಜಮ್ಮು ವಿಶ್ವವಿದ್ಯಾಲಯದ ಪ್ರಯೋಗಾಲಯ ಸೇರಿದವು. ತಾಂಡೂರು ಸೀಮೆಯ ಬಿಸಿಲಲ್ಲಿ ಆರೂವರೆ ಕೋಟಿ ವರ್ಷ ಕಾದ ಹಲ್ಲು ಕೊನೆಗೆ ಜಮ್ಮುವಿನ ಚಳಿಗೆ ಹೋಗಿ ಕಟಕಟಿಸಬೇಕಾಯಿತು.

ಕೆಸರಿನಲ್ಲಿ ಹೂತ ಅಷ್ಟು ಸಣ್ಣ ಹಲ್ಲನ್ನು ಕಂಡುಹಿಡಿಯುವುದು ಹೇಗೆ? ಮೊದಲ ಮಾತು: ಅದನ್ನು ಯಾರೂ ನೆಲದಲ್ಲಿ ಕಂಡುಹಿಡಿಯುವುದಿಲ್ಲ. ಪದರದ ಕಲ್ಲುಮಣ್ಣನ್ನು ಚೀಲಗಟ್ಟಲೆ ತುಂಬಿ ತರುತ್ತಾರೆ. ಬಿಸಿಲಲ್ಲಿ ಚೆನ್ನಾಗಿ ಒಣಗಿಸುತ್ತಾರೆ. ಸೀಮೆಎಣ್ಣೆಯಲ್ಲೋ, ನೀರಿನಲ್ಲೋ, ಗಟ್ಟಿಯಿದ್ದರೆ ತೆಳು ಆಮ್ಲದಲ್ಲೋ ನೆನೆಹಾಕಿ ಕರಗಿಸುತ್ತಾರೆ. ಆಮೇಲೆ ಒಂದರ ಕೆಳಗೊಂದು ಇಟ್ಟ ಸಾಣಿಗಿಗಳಲ್ಲಿ ತೊಳೆಯುತ್ತಾರೆ. ಮೇಲಿನದು ದಪ್ಪ ಕಣ್ಣಿನದು, ಕೆಳಗಿನದು ಹಿಟ್ಟಿನ ಸಾಣಿಗಿಗಿಂತ ಸಣ್ಣ ಕಣ್ಣಿನದು. ಟನ್ನುಗಟ್ಟಲೆ ಮಣ್ಣು ಹೀಗೆ ಹೋಗಿ ಕೆಳಗೆ ಉಳಿಯುವ ಬೊಗಸೆ ಕಾಳನ್ನು ಸೂಕ್ಷ್ಮದರ್ಶಕದ ಅಡಿಗೆ ಹರವಿ, ಒದ್ದೆ ಕುಂಚದ ತುದಿಯಿಂದ ಒಂದೊಂದನ್ನೇ ಆಚೀಚೆ ಸರಿಸುತ್ತ ಕೂರುತ್ತಾರೆ. ಟನ್ನಿನ ಮಾತು ಇಲ್ಲೂ ಬಂತು ನೋಡಿ. ಸಿಮೆಂಟಿನವರು ಟನ್ನಿನಿಂದ ಟನ್ನು ಮಾಡುತ್ತಾರೆ, ಇವರು ಟನ್ನಿನಿಂದ ಮಿಲಿಗ್ರಾಂ ಮಾಡುತ್ತಾರೆ.

ಈ ಕೆಲಸ ನಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳು ಮೊರದಲ್ಲಿ ತೊಗರಿ ಹಸನ ಮಾಡುವುದಕ್ಕಿಂತ ಬೇರೆಯಲ್ಲ. ಹಸನ ಮಾಡುವವರು ಹಳ್ಳನ್ನು ಹುಡುಕುವುದಿಲ್ಲ. ಕಣ್ಣಿಗೆ ತೊಗರಿಯ ಚಹರೆ ಅಷ್ಟು ಗೊತ್ತಿರುತ್ತದೆ, ತೊಗರಿಯಲ್ಲದ್ದು ತಾನಾಗಿ ಎದ್ದು ನಿಲ್ಲುತ್ತದೆ. ಬೆರಳು ಅದನ್ನು ಚಿಮ್ಮುತ್ತದೆ, ಬಾಯಿ ಪಕ್ಕದ ಮನೆಯ ಸೊಸೆಯ ಸುದ್ದಿಯನ್ನು ಮುಂದುವರಿಸುತ್ತದೆ. ನಸ್ಕಲ್ಲಿನ ಕಾಳಿನಲ್ಲಿ ‘ತೊಗರಿ’ ಯಾವುದೆಂದರೆ ಕಪ್ಪೆಯ ಎಲುಬು. ಅಲ್ಲಿ ಅದು ಧಾರಾಳ. ಜೊತೆಗೆ ಮೀನಿನ ಹಲ್ಲು, ಹಲ್ಲಿಯ ದವಡೆ, ಮೊಸಳೆಯ ಹಲ್ಲು. ಇವೆಲ್ಲವನ್ನೂ ಮೊದಲು ಮನಸ್ಸಿಗೆ ತಂದುಕೊಂಡವನಿಗೆ ಮಾತ್ರ ಇವಲ್ಲದ ಒಂದು ಚೂರು ಬಂದಾಗ ಕುಂಚ ನಿಲ್ಲುತ್ತದೆ.

ನಿಲ್ಲಿಸುವ ಗುರುತುಗಳೇನು? ಮೀನಿನದೂ ಮೊಸಳೆಯದೂ ಸಾಮಾನ್ಯವಾಗಿ ಮೊನೆಯುಳ್ಳ ಸರಳ ಹಲ್ಲು. ಹಿಡಿಯುವುದು, ಹರಿಯುವುದು, ನುಂಗುವುದು, ಇಷ್ಟೇ ಅವುಗಳ ಊಟದ ಶಿಸ್ತು. ಮಾಂಸಾಹಾರಿ ಡೈನೋಸಾರಿನ ಹಲ್ಲಾದರೆ ಚಪ್ಪಟೆ ಅಲಗು, ಅಂಚಿನಲ್ಲಿ ಗರಗಸ. ಸಸ್ತನಿ ಮಾತ್ರ ಅಗಿಯುವ ಪ್ರಾಣಿ. ಅದಕ್ಕೆ ಅದರ ದವಡೆಹಲ್ಲಿಗೆ ಒಂದಕ್ಕಿಂತ ಹೆಚ್ಚು ಬೇರು. ನೆತ್ತಿಯಲ್ಲಿ ಒಂದಲ್ಲ, ಹಲವು ಮೊನೆ. ಡೆಕ್ಕನೋಲೆಸ್ಟಿಸಿನ ಮೇಲಿನ ದವಡೆಹಲ್ಲಿನಲ್ಲಿ ಮುಖ್ಯ ಮೊನೆಗಳು ಮೂರು, ಮುಕ್ಕೋನವಾಗಿ ನಿಂತಿವೆ. ಕೆಳಗಿನ ಹಲ್ಲಿನ ಮುಂಭಾಗ ಎತ್ತರ, ಹಿಂಭಾಗ ತಗ್ಗು ಬಟ್ಟಲು. ಬಾಯಿ ಮುಚ್ಚಿದಾಗ ಮೇಲಿನ ಹಲ್ಲಿನ ಒಳಮೊನೆ ಕೆಳಗಿನ ಬಟ್ಟಲಿನಲ್ಲಿ ಸರಿಯಾಗಿ ಕೂರುತ್ತದೆ. ಹುಳುವಿನ ಗಟ್ಟಿ ಮೈಯನ್ನು ಅಂಚುಗಳು ಕತ್ತರಿಸುತ್ತವೆ, ಬಟ್ಟಲು ಅರೆಯುತ್ತದೆ. ಇಷ್ಟು ಕೂಡಿಬರಬೇಕಾದರೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಒಪ್ಪಂದವಿರಬೇಕು. ಅದರಿಂದಲೇ ಒಂಟಿ ಹಲ್ಲು ಸಿಕ್ಕರೂ ಅದರ ಎದುರಿನ ಹಲ್ಲು ಹೇಗಿತ್ತೆಂದು ಅರ್ಧ ಹೇಳಬಹುದು. ಬಳಿಕ ಸವೆತ ನೋಡುತ್ತಾರೆ: ಎಲ್ಲಿ ಉಜ್ಜಿದೆ, ಯಾವ ದಿಕ್ಕಿಗೆ ಉಜ್ಜಿದೆ. ಮೇಲಿನದೋ ಕೆಳಗಿನದೋ, ಎಡಗಡೆಯದೋ ಬಲಗಡೆಯದೋ, ಸಾಲಿನಲ್ಲಿ ಎಷ್ಟನೆಯದು, ಇಷ್ಟು ತೀರ್ಮಾನವಾದ ಮೇಲೆಯೇ ಯಾರ ಮನೆಯದು ಎಂಬ ಪ್ರಶ್ನೆ. ಮನೆತನ ಗೊತ್ತಾಗಲು ಬೇರೆ ದೇಶಗಳಲ್ಲಿ ಸಿಕ್ಕ ಹಲ್ಲುಗಳ ಚಿತ್ರವನ್ನೆಲ್ಲ ಹರವಿಕೊಂಡು ಹೋಲಿಸಬೇಕು. ನಮ್ಮಲ್ಲಿ ಕೂಸು ಹುಟ್ಟಿದಾಗ ‘ಮೂಗು ಅಜ್ಜನದು, ಹಣಿ ಸೋದರತ್ತೆಯದು’ ಎಂದು ಹೇಳುವ ಹಿರಿಯರು ಬಂದು ಕೂತರೆ ಈ ಭಾಗ ಬೇಗ ಮುಗಿಯುತ್ತಿತ್ತೋ ಏನೋ.

ಹಲ್ಲೇ ಯಾಕೆ ಸಿಗುತ್ತದೆ, ಉಳಿದ ಪ್ರಾಣಿ ಎಲ್ಲಿ ಹೋಯಿತು ಎಂದು ಕಾಕಾ ಕೇಳಿದ್ದರು. ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿ ಪದಾರ್ಥ ಹಲ್ಲಿನ ಮೇಲಿನ ಪಿಂಗಾಣಿ ಕವಚ. ಇಲಿಯಷ್ಟು ಪ್ರಾಣಿ ಸತ್ತರೆ ಎಲುಬು ಮುರಿದು, ಕರಗಿ, ಚದುರಿ ಹೋಗುತ್ತದೆ. ಹಲ್ಲು ಉಳಿಯುತ್ತದೆ. ಮನುಷ್ಯರ ವಿಷಯದಲ್ಲಿ ಇದು ತಿರುವುಮುರುವು. ಮನುಷ್ಯ ಉಳಿದಿರುತ್ತಾನೆ, ಹಲ್ಲು ಹೋಗಿರುತ್ತದೆ. ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದು ಹಿರಿಯರು ಗೊಣಗಿದ್ದು ಸುಮ್ಮನೆ ಅಲ್ಲ. ಮೊಸಳೆಗೆ ಈ ದುಃಖವಿಲ್ಲ. ಬಿದ್ದ ಹಲ್ಲಿನ ಜಾಗಕ್ಕೆ ಬಾಳಿನುದ್ದಕ್ಕೂ ಹೊಸದು ಬರುತ್ತಲೇ ಇರುತ್ತದೆ. ನಮಗೆ ಹಾಲಹಲ್ಲು ಒಂದು ಸರತಿ, ಗಟ್ಟಿಹಲ್ಲು ಒಂದು ಸರತಿ, ಮುಂದೆ ಡಾಕ್ಟರ ಸರತಿ. ಮೇಲೂ ಕೆಳಗೂ ಹಲ್ಲು ಕರಾರುವಾಕ್ಕಾಗಿ ಕೂರಬೇಕಾದರೆ ಪದೇ ಪದೇ ಬದಲಿಸುವಂತಿಲ್ಲ. ಅಗಿದು ತಿನ್ನುವ ಸುಖಕ್ಕೆ ಸಸ್ತನಿ ಕೊಟ್ಟ ಬೆಲೆ ಅದು.

ಹಾಲಹಲ್ಲಿನ ಮಾತು ಬಂದಾಗ ಮಾಳಿಗಿಯ ನೆನಪಾಗದೆ ಇರದು. ನಮ್ಮ ಕಡೆ ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಳಿಗಿಯ ಮೇಲೆ ಎಸೆಯುವ ಪದ್ಧತಿ ಇತ್ತು. ಹಳೆಯ ಮಣ್ಣಿನ ಮಾಳಿಗಿಗಳಲ್ಲಿ ಅಣ್ಣತಮ್ಮಂದಿರ, ಅಕ್ಕತಂಗಿಯರ, ಅವರಿಗಿಂತ ಹಿಂದಿನ ಅಪ್ಪ-ಚಿಕ್ಕಪ್ಪಂದಿರ ಹಲ್ಲುಗಳು ಪದರಪದರವಾಗಿ ಕೂತಿರಬೇಕು. ಪ್ರತಿ ಮಳೆಗಾಲದ ಮೊದಲು ಹೊಸ ಮಣ್ಣು ಹಾಕಿ ತುಳಿಯುತ್ತಿದ್ದರಾದ್ದರಿಂದ ಪದರಗಳ ವಯಸ್ಸನ್ನೂ ಎಣಿಸಬಹುದು. ಕೋಟಿ ವರ್ಷದ ಮೇಲೆ ಯಾರಾದರೂ ಚಿತ್ತಾಪುರದ ಒಂದು ಮಾಳಿಗಿಯನ್ನು ತೊಳೆದು ಸೋಸಿದರೆ, ಈ ಪ್ರದೇಶದಲ್ಲಿ ಆರು ವರ್ಷದಿಂದ ಹನ್ನೆರಡು ವರ್ಷದ ಮನುಷ್ಯರು ಮಾತ್ರ ವಾಸವಾಗಿದ್ದರು, ಅವರು ಮನೆಯ ಮೇಲೆಯೇ ಇರುತ್ತಿದ್ದರು ಎಂದು ಪ್ರಬಂಧ ಬರೆದಾರು.

ಹೆಸರಿಡುವ ಗಲಾಟೆಯ ಕಥೆ ಇನ್ನೂ ಸೊಗಸು, ಅದರಲ್ಲಿ ಕರ್ನಾಟಕಕ್ಕೂ ಪಾಲಿದೆ. 1989ರಲ್ಲಿ ನಸ್ಕಲ್ಲಿನಲ್ಲಿ ಬೇರೆ ಬಗೆಯ ಒಂದು ಹಲ್ಲು ಸಿಕ್ಕಿತ್ತು. ಎತ್ತರ, ಬಾಗು, ಡೆಕ್ಕನೋಲೆಸ್ಟಿಸಿನ ಮುಂದೆ ದೈತ್ಯ. ದೈತ್ಯ ಎಂದರೆ ಎಂಟು ಮಿಲಿಮೀಟರ್ ಆಸುಪಾಸು. 1997ರಲ್ಲಿ ಡೇವಿಡ್ ಕ್ರೌಸ್ ಮತ್ತು ಸಂಗಡಿಗರು ‘ನೇಚರ್’ನಲ್ಲಿ ಬರೆದು, ಇಂಥದೇ ಹಲ್ಲಿನ ಬಂಧುಗಳು ಮಡಗಾಸ್ಕರಿನಲ್ಲೂ ದಕ್ಷಿಣ ಅಮೆರಿಕದಲ್ಲೂ ಇದ್ದವೆಂದು ತೋರಿಸಿದರು. ಗೊಂಡ್ವಾನಾಥೀರ್ ಎನ್ನುವ ಕುಲ ಅದು. ಹೆಸರು ಮಾತ್ರ ಇಟ್ಟಿರಲಿಲ್ಲ. ಈ ನಡುವೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅನಂತರಾಮನ್ ಮತ್ತು ದಾಸ್ ಶರ್ಮಾ ಕರ್ನಾಟಕದ ಲಾವಾ ನಡುವಿನ ಪದರಗಳಲ್ಲಿ ಸಣ್ಣ ಸಸ್ತನಿಗಳನ್ನು ಹುಡುಕುತ್ತ ಗೋಕಾಕದಲ್ಲಿ ಇದೇ ಕುಲದ ಹಲ್ಲು ಕಂಡರು. ಕರದಂಟಿನ ಊರು ಅದು. ತಿಂದವರ ಹಲ್ಲಿಗೆ ಪರೀಕ್ಷೆ ಒಡ್ಡುವ ಅಂಟುಂಡಿಯ ಊರಿನಲ್ಲೇ ಇಂಥ ಗಟ್ಟಿ ಹಲ್ಲು ಸಿಗುವುದರಲ್ಲಿ ಒಂದು ನ್ಯಾಯವಿದೆ. 2007ರಲ್ಲಿ ಎರಡು ತಂಡಗಳು ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಪ್ರಾಣಿಗೆ ನಾಮಕರಣ ಮಾಡಿದವು. ಪ್ರಸಾದ್ ತಂಡ ಮಧ್ಯಪ್ರದೇಶದ ಕಿಸಲಪುರಿಯ ಹಲ್ಲನ್ನು ಮುಂದಿಟ್ಟು ಭಾರತ್‌ಥೀರಿಯಂ ಬೊನಪಾರ್ಟೈ ಎಂದಿತು. ವಿಲ್ಸನ್, ದಾಸ್ ಶರ್ಮಾ, ಅನಂತರಾಮನ್ ದಕ್ಷಿಣಾ ಜೆಡೆರಿ ಎಂದರು. ತೊಟ್ಟಿಲು ಒಂದೇ, ಹೆಸರು ಕರೆಯುವ ಅತ್ತೆಯಂದಿರು ಎರಡು ಮನೆಯವರು. ಶಾಸ್ತ್ರದ ಕಾನೂನಿನಲ್ಲಿ ಮೊದಲು ಅಚ್ಚಾದ ಹೆಸರೇ ಹೆಸರು. ಭಾರತ್‌ಥೀರಿಯಂ ಉಳಿಯಿತು, ದಕ್ಷಿಣಾ ಹೋಯಿತು. ದಕ್ಷಿಣದವರಾದ ನಮಗೆ ಸ್ವಲ್ಪ ಬೇಸರವಾಗುತ್ತದೆ. ಆದರೆ ಪತ್ರಿಕೆಯ ಅಚ್ಚಿನ ತಾರೀಖಿನ ಮುಂದೆ ಪ್ರಾದೇಶಿಕ ಅಸಮಾನತೆಯ ಹೋರಾಟ ನಡೆಯುವುದಿಲ್ಲ.

ಈ ಕುಲದ ಮೇಲೆ ದಶಕಗಟ್ಟಲೆ ವಾದ ನಡೆದದ್ದು ಬಹುಪಾಲು ಬಿಡಿ ಹಲ್ಲುಗಳನ್ನು ಹಿಡಿದುಕೊಂಡು. 2014ರಲ್ಲಿ ಮಡಗಾಸ್ಕರಿನಿಂದ ವಿಂಟಾನಾ ಎಂಬುದರ ತಲೆಬುರುಡೆ, 2020ರಲ್ಲಿ ಅಡಲಾಥೀರಿಯಂ ಎಂಬುದರ ಇಡೀ ಅಸ್ಥಿಪಂಜರ ಲೋಕಕ್ಕೆ ಪರಿಚಯವಾದ ಮೇಲೆಯೇ ಈ ಹಲ್ಲುಗಳ ಹಿಂದೆ ಎಂಥ ಮೈ ಇತ್ತೆಂದು ತಿಳಿದದ್ದು. ಅಲ್ಲಿಯವರೆಗೆ ಹಲ್ಲೇ ಪ್ರಾಣಿ. ಡೆಕ್ಕನೋಲೆಸ್ಟಿಸಿನದೂ ಹೀಗೆಯೇ. ನಸ್ಕಲ್ಲಿನಲ್ಲಿ ಅದರ ಪಾದದ ಸಣ್ಣ ಎಲುಬುಗಳು ಸಿಕ್ಕಾಗ ಅದು ಮರ ಹತ್ತುವ ಪ್ರಾಣಿ ಎಂದು ಗೊತ್ತಾಯಿತು. ಮರ ಹತ್ತುತ್ತದೆ ಎಂದ ಕೂಡಲೆ ಮಂಗನ, ಅಂದರೆ ನಮ್ಮ ಸಂಬಂಧದ ಮಾತು ಬಂತು. ಹಿರಿಯರು ದೊಡ್ಡವರಿದ್ದಷ್ಟೂ ಮನೆತನದ ಮಾನ ಹೆಚ್ಚುತ್ತದಲ್ಲ! 2011ರಲ್ಲಿ ಅಂಜಲಿ ಗೋಸ್ವಾಮಿ, ಪ್ರಸಾದ್ ಮತ್ತು ಸಂಗಡಿಗರು ಎಲ್ಲ ಲಕ್ಷಣಗಳನ್ನು ಮತ್ತೆ ತೂಗಿ, ಇದು ಆಫ್ರಿಕ, ಯುರೋಪಿನಲ್ಲಿ ಮುಂದೆ ಸಿಗುವ ಅಡಾಪಿಸೊರಿಕ್ಯುಲಿಡ್ ಎಂಬ ಕುಲದ್ದು, ಇಂದಿನ ಜರಾಯು ಸಸ್ತನಿಗಳ ಮನೆಯ ಒಳಗಿನದಲ್ಲ, ಆ ಮನೆಯ ಬುಡದ ಕವಲು ಎಂದು ಹೇಳಿದರು. ನಮ್ಮ ಮುತ್ತಜ್ಜ ಅಲ್ಲ, ಮುತ್ತಜ್ಜನ ದಾಯಾದಿ. ಆಸ್ತಿಯಲ್ಲಿ ಪಾಲಿಲ್ಲ, ಶ್ರಾದ್ಧಕ್ಕೆ ಕರೆಯಬಹುದು.

ವಯಸ್ಸಿನ ಲೆಕ್ಕದಲ್ಲಂತೂ ಈ ಹಲ್ಲುಗಳು ನಮ್ಮನ್ನು ನಾಚಿಸುತ್ತವೆ. ನಮ್ಮ ಕಡೆಯ ಹಿರಿಯರ ಹುಟ್ಟಿದ ದಿನ ವಿಚಾರಿಸಿ. ಸಾಲಿಗೆ ಹಚ್ಚಿದ ಮಾಸ್ತರರ ಕೃಪೆಯಿಂದ ಅರ್ಧ ಊರಿನದು ಜೂನ್ 1. ನಸ್ಕಲ್ಲಿನ ಪದರದ್ದು ಹಾಗಲ್ಲ. ಅದರ ಮೇಲಿನ, ಕೆಳಗಿನ ಲಾವಾದಲ್ಲಿ ಸೆರೆಯಾದ ಆರ್ಗಾನ್ ಅನಿಲದ ಲೆಕ್ಕ ಹಾಕಿ, 2022ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು 6 ಕೋಟಿ 61 ಲಕ್ಷ 36 ಸಾವಿರ ವರ್ಷ ಮತ್ತು 6 ಕೋಟಿ 60 ಲಕ್ಷ 56 ಸಾವಿರ ವರ್ಷಗಳ ನಡುವೆ ಕೂರಿಸಿತು. ಡೈನೋಸಾರ್‌ಗಳ ಕೊನೆಗಾಲಕ್ಕೆ ಇನ್ನು ಒಂದು ಲಕ್ಷ ವರ್ಷವೂ ಉಳಿದಿರಲಿಲ್ಲ. ಭಾರತ ಆಗ ನಾಲ್ಕೂ ಕಡೆ ಸಮುದ್ರವಿದ್ದ ದೊಡ್ಡ ದ್ವೀಪ, ಏಷ್ಯಾ ಇನ್ನೂ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ಕಡೆ ಲಾವಾ, ಇನ್ನೇನು ಬೀಳಲಿರುವ ಆಕಾಶದ ಬಂಡೆ ಇನ್ನೊಂದು ಕಡೆ. ನಡುವೆ ಮರದ ಕೊಂಬೆಯ ಮೇಲೆ ಹುಳು ಅಗಿಯುತ್ತ ಕೂತ ಸಣ್ಣ ಪ್ರಾಣಿ. ಅದೇ ಅಧ್ಯಯನ ನಸ್ಕಲ್ಲಿನಿಂದ ಹೊಸದೊಂದು ಸಸ್ತನಿಯನ್ನೂ ಹೆಸರಿಸಿತು: ಇಂಡೋಕ್ಲೆಮೆನ್ಸಿಯಾ ನಸ್ಕಲೆನ್ಸಿಸ್. ಬಸ್ಸಿನ ಬೋರ್ಡಿನಲ್ಲಿ ಕಷ್ಟಪಟ್ಟು ಜಾಗ ಗಿಟ್ಟಿಸುವ ಹಳ್ಳಿಗೆ ಲ್ಯಾಟಿನ್ನಿನಲ್ಲಿ ಜಾಗ ಸಿಕ್ಕಿತು.

ಇಷ್ಟೆಲ್ಲ ಕೇಳಿ ಕಾಕಾ ಕೊನೆಗೆ ಕೇಳಿದ್ದು ವ್ಯಾಪಾರಿಯ ಪ್ರಶ್ನೆ. “ಅದಕ್ಕ ರೇಟ್ ಏನ್ರಿ?” ರೇಟು ಇಲ್ಲ ಎಂದಾಗ ಅವರಿಗೆ ನನ್ನ ಮೇಲೆಯೇ ಅನುಮಾನ ಬಂತು. ಇಷ್ಟು ವರ್ಷ ಇಷ್ಟು ಮಂದಿ ಓದಿದವರು ರೇಟಿಲ್ಲದ ವಸ್ತು ಹುಡುಕುತ್ತಾರೆ ಎಂದರೆ ನಂಬುವುದಾದರೂ ಹೇಗೆ?

ಅವರ ಅನುಮಾನದಲ್ಲಿ ತಪ್ಪೇನೂ ಇಲ್ಲ. ದೊಡ್ಡದು, ಭಾರದ್ದು, ಮಾರಲು ಬರುವಂಥದ್ದು ಮಾತ್ರ ಕಣ್ಣಿಗೆ ಬೀಳುವ ನೆಲ ನಮ್ಮದು. ಭೀಮಾ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನದ ಕಲ್ಲು ದೇವಿಯ ಮೂರ್ತಿಗೆ ಪೀಠವಾಗಿ ಶತಮಾನಗಳ ಕಾಲ ಎಲ್ಲರ ಕಣ್ಣೆದುರೇ ಇತ್ತು. ಅಷ್ಟು ದೊಡ್ಡ ಕಲ್ಲಿಗೆ, ಅದೂ ಅಕ್ಷರ ಬರೆದ ಕಲ್ಲಿಗೆ ಅಷ್ಟು ತಡವಾದರೆ ಅಕ್ಷರವಿಲ್ಲದ ಎರಡು ಮಿಲಿಮೀಟರಿನ ಹಲ್ಲು ಯಾರನ್ನು ದೂರಬೇಕು? ಗುರುತಿಸುವುದು ಎಂದರೆ ಹೆಸರಿಡುವುದಲ್ಲ, ಅದು ಕೊನೆಯ ಕೆಲಸ. ಮೊದಲ ಕೆಲಸ ಇದು ಸುತ್ತಲಿನ ಸಾವಿರ ಚೂರುಗಳ ಹಾಗಿಲ್ಲ ಎಂದು ಅನಿಸುವುದು. ಹಾಗೆ ಅನಿಸಬೇಕಾದರೆ ಆ ಸಾವಿರ ಚೂರುಗಳನ್ನು ಬೇಸರವಿಲ್ಲದೆ ನೋಡಿರಬೇಕು. ದನದ ದಲಾಲನಿಗೂ ತೊಗರಿ ಹಸನ ಮಾಡುವ ಅವ್ವಂದಿರಿಗೂ ಈ ಕಣ್ಣು ಈಗಾಗಲೇ ಇದೆ. ಅವರಿಗೆ ಯಾರೂ ಸಾಣಿಗಿ ಕೊಟ್ಟು ಯಾನಾಗುಂದಿಯ ಮಣ್ಣಿನ ಮುಂದೆ ಕೂರಿಸಿಲ್ಲ, ಅಷ್ಟೇ.

ಆದ್ದರಿಂದ ಓದುಗರಲ್ಲಿ, ಅದರಲ್ಲೂ ಸೇಡಂ, ಚಿಂಚೋಳಿ ಕಡೆಯ ರೈತರಲ್ಲಿ ಒಂದು ವಿನಂತಿ. ಬಾವಿ ತೋಡಿಸುವಾಗ, ಕೃಷಿ ಹೊಂಡ ಅಗೆಸುವಾಗ, ರಸ್ತೆಗೆ ಗುಡ್ಡ ಕಡಿಸುವಾಗ, ಮೇಲೆ ಕರಿಕಲ್ಲು, ಕೆಳಗೆ ಕರಿಕಲ್ಲು, ನಡುವೆ ಬಿಳಿಚಿದ ಅಥವಾ ಹಸಿರು ಛಾಯೆಯ ಮೆತ್ತನೆ ಪದರ ಕಂಡರೆ, ಅದರಲ್ಲಿ ಬಸವನಹುಳುವಿನ ಚಿಪ್ಪಿನ ಗುರುತಿದ್ದರೆ, ಜೆ.ಸಿ.ಬಿ.ಯವನಿಗೆ ಒಂದು ಚಹಾ ಕುಡಿಸಿ ಸ್ವಲ್ಪ ಹೊತ್ತು ನಿಲ್ಲಿಸಿ. ಕಲ್ಲನ್ನು ಕಿತ್ತು ಮನೆಗೆ ಒಯ್ಯಬೇಡಿ, ತೊಳೆಯಬೇಡಿ, ಅದರಲ್ಲಿ ಹಲ್ಲು ಹುಡುಕಲೂ ಹೋಗಬೇಡಿ. ಬರಿಗಣ್ಣಿಗೆ ಅದು ಸಿಗುವುದಿಲ್ಲ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಹೊಲದ ಸರ್ವೇ ನಂಬರನ್ನೂ ನೆಲದಿಂದ ಎಷ್ಟು ಅಡಿ ಆಳ ಎಂಬುದನ್ನೂ ಬರೆದಿಡಿ. ಭೂವೈಜ್ಞಾನಿಕ ಸರ್ವೇಕ್ಷಣೆಗೋ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನದವರಿಗೋ ತಿಳಿಸಿ. ದುಡ್ಡು ಬರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಊರಿನ ಹೆಸರು ಲ್ಯಾಟಿನ್ನಿನಲ್ಲಿ ಬಂದೀತು.